ಪದಚರ್ಚೆ: ಬರೋಕ್ ಸೀಲಿಂಗು, ಅದರ ಮೇಲಿನ "ಅಲೆಗರಿ", ಕನ್ನಡದಲ್ಲಿ ಏನನ್ನೋಣ? (ಅರ್ಜೆಂಟು)

ಅನುವಾದಕಿ:
ಎಲ್ರಿಗೂ ನಮಸ್ಕಾರ. ಯುರೋಪಿನ ಹಳೇ ಅಚ್ಚುಚಿತ್ರಗಳ ಪುಸ್ತಕ ಒಂದನ್ನ ಕನ್ನಡಕ್ಕೆ ತರ್ತಿದೀನಿ, ಚಿತ್ರದ ಕೆಳಗಿನ ಸಾಲುಗಳು ನಾಳೆ ಬೆಳಗ್ಗೆ ಪ್ರೆಸ್ಸಿಗೆ ಹೋಗ್ಬೇಕು. ರೋಮಿನ ಬಾರ್ಬೆರಿನಿ ಅರಮನೆಯ ಹಜಾರದ ಸೀಲಿಂಗಿಗೆ ಪಿಯೆತ್ರೊ ದ ಕೊರ್ತೋನ ಅನ್ನೋ ಚಿತ್ರಕಾರ ಬರೋಕ್ ಶೈಲೀಲಿ (ಹದಿನೇಳನೇ ಶತಮಾನದ ಯುರೋಪಿನ ಆಡಂಬರದ ಕಲಾಶೈಲಿ) 1632ರಿಂದ 1639ರವರೆಗೆ ಬರೆದ ಚಿತ್ರ, ಆಮೇಲೆ ಅದನ್ನೇ ತಾಮ್ರದ ತಗಡಿನ ಮೇಲೆ ಕೊರೆದು ಅಚ್ಚು ತೆಗೆದು 1642ರಲ್ಲಿ ಪುಸ್ತಕದಲ್ಲಿ ಹಾಕಿದ್ರು. ಮೋಡದ ಮೇಲೆ ದೈವಸಂಕಲ್ಪ ಹೆಂಗಸಿನ ರೂಪದಲ್ಲಿ ಕೂತಿದೆ, ಕೆಳಗೆ ಕಾಲಪುರುಷ ತನ್ನ ಮಗುವನ್ನೇ ತಿಂತಿದಾನೆ, ಮೇಲೆ ಮೂರು ದೊಡ್ಡ ಜೇನುಹುಳ, ಸುತ್ತ ಲಾರೆಲ್ ಎಲೆಯ ಹಾರ. ಸೀಲಿಂಗಿಗೆ ಮತ್ತು ಅಲೆಗರಿಗೆ, ಅಂದ್ರೆ ಗುಣ, ಭಾವಗಳನ್ನ ಹೀಗೆ ಮನುಷ್ಯರೂಪದಲ್ಲಿ ತೋರಿಸೋ ಚಿತ್ರಕ್ಕೆ, ಪದ ಬೇಕು. "ಮೇಲ್ಛಾವಣಿ", "ಸಾಂಕೇತಿಕ ಚಿತ್ರ" ಅಂತ ಬರೆದಿದ್ದೆ, ಸಪ್ಪೆ ಅನ್ನಿಸ್ತು.

ಹಳೇಮೇಷ್ಟ್ರು:
ಮೇಲ್ಛಾವಣಿ ಹೊರಗಿನ ಹೊದಿಕೆ, ಅದು ಬೇಡ. ಬೇಲೂರಿನ ಗುಡೀಲಿ ತಲೆ ಎತ್ತಿ ನೋಡೋದಕ್ಕೆ ಭುವನೇಶ್ವರಿ ಅಂತ ಒಳ್ಳೇ ಪದ ಇದೆ, ಹಾಕಿ. ಅಲೆಗರಿಗೆ ಅನ್ಯೋಕ್ತಿ.

ಕರಡುತಿದ್ದುವವ:
ಪೋಪ್ ಎಂಟನೇ ಅರ್ಬನ್ ಮನೆತನದ ಹಜಾರದಲ್ಲಿ ಭುವನೇಶ್ವರಿ ಅಂದ್ರೆ ಓದುವವರು ದೇವಿ ವಿಗ್ರಹ ಹುಡುಕ್ತಾರೆ. ಅನ್ಯೋಕ್ತಿ ಮಾತಿನ ಅಲಂಕಾರ, ಚಿತ್ರಕ್ಕೆಲ್ಲಿಂದ ಬರ್ಬೇಕು ಉಕ್ತಿ? ಪ್ರಬೋಧಚಂದ್ರೋದಯ ಅನ್ನೋ ಸಂಸ್ಕೃತ ನಾಟಕದಲ್ಲಿ ವಿವೇಕ, ಮೋಹ ಎಲ್ಲ ಮನುಷ್ಯರಾಗಿ ರಂಗಕ್ಕೆ ಬರ್ತಾರಲ್ಲ, ಅದೇ ಕೆಲಸ ಇದು. ರೂಪಕಚಿತ್ರ ಸಾಕು. ಸೀಲಿಂಗಿಗೆ ವಿತಾನ.

ಅಚ್ಚಗನ್ನಡ:
ಮತ್ತೆ ಸಂಸ್ಕ್ರುತ. ಸೀಲಿಂಗಿಗೆ ಒಳಮಾಡು, ಅಲೆಗರಿಗೆ ಒಳಹುರುಳಿನ ತಿಟ್ಟ, ತಗಡಿನ ಅಚ್ಚಿಗೆ ಕೊರೆಯಚ್ಚು. ಮುಗೀತು.

ಕಡಲಕರೆ:
ತಿಟ್ಟ ಅಂದ್ರೆ ಯಾವುದು ಮಾರಾಯ್ರೆ, ಯಕ್ಷಗಾನದ ತೆಂಕುತಿಟ್ಟೋ ಬಡಗುತಿಟ್ಟೋ? ಮಾಡು ನಮ್ಮಲ್ಲಿ ಹಂಚು ಹಾಕುವುದಕ್ಕೆ, ಅದಕ್ಕೆ ಒಳ ಸೇರಿಸಿದ್ರೆ ಅರಮನೆ ಆಗುದಿಲ್ಲ. ಬರೋಕ್ ಪದದ ಮೂಲ ಪೋರ್ಚುಗೀಸಿನ ಬರೊಕೊ ಅಂತಾರೆ, ಸೊಟ್ಟ ಮುತ್ತು ಅಂತ ಅರ್ಥ. ಪಾದ್ರಿ, ಇಗರ್ಜಿ, ಅನಾನಸು ಬಂದ ಹಡಗಿನಲ್ಲೇ ಇದೂ ಬರ್ಬಹುದಿತ್ತು.

ಅಚ್ಚಗನ್ನಡ:
ಹಾಗಾದ್ರೆ ಸೀಲಿಂಗ್ ಅಂತಲೇ ಬರೀರಿ, ಪಟ್ಟಿ ಯಾಕೆ ಬೇಕು. ಎರವಲು ತಂದವರು ಯಾರೂ ವಾಪಸ್ ಕೊಟ್ಟಿಲ್ಲ.

ಹಳೇಮೇಷ್ಟ್ರು:
ವಿತಾನ ತನ್ ಧಾತುವಿನಿಂದ, ಹರಡು ಅಂತ ಅರ್ಥ, ಮೊದಲು ಅದು ಬಟ್ಟೆಯ ಮೇಲುಕಟ್ಟು. ಮೇಲುಕಟ್ಟು ಅಪ್ಪಟ ಕನ್ನಡ, ಅದು ಯಾರಿಗೂ ನೆನಪಾಗ್ಲಿಲ್ಲ, ಹೊಸದು ಹುಟ್ಟಿಸೋದು ಮಾತ್ರ ಗೊತ್ತು.

ಕರಡುತಿದ್ದುವವ:
ಮೇಷ್ಟ್ರೇ, ಮೇಲುಕಟ್ಟು ಅಂದ್ರೆ ಇವತ್ತು ಮದುವೆ ಶಾಮಿಯಾನ ಕಣ್ಣಿಗೆ ಬರುತ್ತೆ. ಧಾತು ಬಿಟ್ಟು ಚಿತ್ರ ನೋಡೋಣ. ಆ ಸೀಲಿಂಗಲ್ಲಿ ಗಾರೆ ಕೆಲಸದ ಚೌಕಟ್ಟಿನ ಹಾಗೆ ಕಾಣೋದೆಲ್ಲ ಬಣ್ಣದಲ್ಲಿ ಬರೆದದ್ದು. ಅದೇ ಕೊರ್ತೋನ ಫ್ಲಾರೆನ್ಸಿನ ಪಿತ್ತಿ ಅರಮನೆಯಲ್ಲಿ ನಿಜವಾದ ಗಾರೆ, ಮೇಲೆ ಚಿನ್ನದ ಲೇಪ ಮಾಡಿಸಿದ. ಅಚ್ಚಿಗೆ ಬಂದ್ಮೇಲೆ ಎರಡೂ ಬರೀ ಕಪ್ಪು ಗೆರೆ, ನೋಡಿ ಹೇಳೋಕೆ ಆಗಲ್ಲ, ಅದಕ್ಕೇ "ಗಾರೆ ಅಲಂಕಾರ" ಅಂತ ಬರೀಬೇಡಿ. ಇನ್ನೊಂದು, ಜೇನುಹುಳ ಅಲೆಗರಿ ಅಲ್ಲ, ಅದು ಮನೆತನದ ಗುರುತು, ಲಾಂಛನ. ಆ ಹಾರ ಹಿಡಿದಿರೋ ಹೆಂಗಸರು ಶ್ರದ್ಧೆ, ಭರವಸೆ, ಪ್ರೀತಿ, ಅವರು ರೂಪಕ. ಎಲ್ಲಕ್ಕೂ "ಸಂಕೇತ" ಅಂತ ಬಳಿದ್ರೆ ಪೋಪ್ ಯಾರನ್ನ ಹೊಗಳಿಸಿಕೊಳ್ತಿದ್ದ ಅನ್ನೋದೇ ಮಾಯ.

ಕಡಲಕರೆ:
ಯಾರನ್ನ ಅಂತ ಬೇರೆ ಹೇಳ್ಬೇಕಾ, ತನ್ನನ್ನೇ.

ಅನುವಾದಕಿ:
ಹೀಗೆ ಕಳಿಸ್ತಿದೀನಿ: "ಬಾರ್ಬೆರಿನಿ ಹಜಾರದ ವಿತಾನ, ದೈವಸಂಕಲ್ಪದ ರೂಪಕಚಿತ್ರ, ಮೇಲೆ ಮನೆತನದ ಲಾಂಛನ ಮೂರು ಜೇನುಹುಳ. ಕೊರೆಯಚ್ಚು, 1642." ಕೊರೆಯಚ್ಚು ನಿಮ್ದೇ ಇಟ್ಕೊಂಡಿದೀನಿ, ಅಚ್ಚಗನ್ನಡದವ್ರೇ.

ಅಚ್ಚಗನ್ನಡ:
ಒಂದು ಪದ ಭಿಕ್ಷೆ ಹಾಕಿದ್ರಿ. ವಿತಾನ ಇರೋ ಪುಸ್ತಕ ನಾನು ಕೊಳ್ಳಲ್ಲ.