ಅಂಜೂರದ ಬಲೆಗೆ ಗುಲಾಬಿ ಕಬ್ಬಕ್ಕಿಗಳು ಸಿಕ್ಕಿ ಸಾಯುತ್ತಿವೆ, ಏನು ಮಾಡಲಿ? (ಸಾಸವಡ, ಪುಣೆ ಜಿಲ್ಲೆ)

ಸಾಸವಡ_ಹಿತ್ತಲು · ಮಾರ್ಚ್ 9

ಎಲ್ಲರಿಗೂ ನಮಸ್ಕಾರ. ನಾವು ಮೂಲ ವಿಜಯಪುರ ಕಡೆಯವರು, ಹನ್ನೊಂದು ವರ್ಷದಿಂದ ಸಾಸವಡದ ಹತ್ತಿರ ಇದ್ದೇವೆ. ಮನೆಗೆ ಹೊಂದಿಕೊಂಡೇ ನಲವತ್ತು ಅಂಜೂರದ ಗಿಡಗಳಿವೆ. ಈಗ ಮೀಠಾ ಬಹಾರ್ (ಬೇಸಿಗೆ ಫಸಲು) ಹಣ್ಣು ಶುರುವಾಗಿದೆ.

ಹತ್ತು ದಿನದಿಂದ ದೊಡ್ಡ ಹಿಂಡು ಬರುತ್ತಿದೆ. ಮೈ ಗುಲಾಬಿ, ತಲೆ ಮತ್ತು ರೆಕ್ಕೆ ಕಪ್ಪು. ಇಲ್ಲಿನವರು ಭೋರಡ್ಯಾ ಅನ್ನುತ್ತಾರೆ. ಹಣ್ಣು ತುಂಬಾ ಹಾಳಾಗುತ್ತಿತ್ತು. ಪೇಟೆಯಿಂದ ತೆಳು ನೈಲಾನ್ ಬಲೆ ತಂದು ಗಿಡಗಳ ಮೇಲೆ ಹೊದಿಸಿದೆ. ಮೂರೇ ದಿನದಲ್ಲಿ ಏಳು ಹಕ್ಕಿ ಸಿಕ್ಕಿಕೊಂಡವು. ನಾಲ್ಕು ಸತ್ತೇ ಹೋದವು. ಇವತ್ತು ಬೆಳಿಗ್ಗೆ ಒಂದನ್ನು ಬಿಡಿಸಲು ಹೋಗಿ ಅದರ ಕಾಲು ನನ್ನ ಕೈಯಲ್ಲೇ ಮುರಿಯಿತು. ಮಗಳು ಅಲ್ಲೇ ನಿಂತು ನೋಡುತ್ತಿದ್ದಳು. ಆಗಿನಿಂದ ಊಟ ಸೇರಿಲ್ಲ.

ಹಣ್ಣೂ ಉಳಿಯಬೇಕು, ಹಕ್ಕಿಯೂ ಸಾಯಬಾರದು. ದಾರಿ ಇದ್ದರೆ ಹೇಳಿ.

ಮುಳಾ_ದಂಡೆ · ಮಾರ್ಚ್ 9

ಅಣ್ಣಾ, ಮೊದಲು ಆ ಬಲೆ ತೆಗೆದುಬಿಡಿ. ಇವತ್ತೇ. ಉಳಿದದ್ದನ್ನು ಆಮೇಲೆ ನೋಡೋಣ. ಸಡಿಲವಾಗಿ ಜೋತುಬಿದ್ದ ತೆಳು ನೈಲಾನ್ ದಾರ ಹಕ್ಕಿಯ ಕಣ್ಣಿಗೆ ಕಾಣುವುದೇ ಇಲ್ಲ. ಕಾಲು ಸಿಕ್ಕಿದ ಮೇಲೆ ಅದು ಒದ್ದಾಡಿದಷ್ಟೂ ದಾರ ಬಿಗಿಯುತ್ತಾ ಹೋಗುತ್ತದೆ.

ಕಾಲು ಮುರಿದ ಹಕ್ಕಿ ಇನ್ನೂ ಇದೆಯಾ? ಇದ್ದರೆ 1926ಕ್ಕೆ ಫೋನ್ ಮಾಡಿ, ಅದು ಮಹಾರಾಷ್ಟ್ರ ಅರಣ್ಯ ಇಲಾಖೆಯ ಸಹಾಯವಾಣಿ. ಅವರು ಬರುವವರೆಗೆ ತೂತು ಮಾಡಿದ ರಟ್ಟಿನ ಡಬ್ಬದಲ್ಲಿ ಬಟ್ಟೆ ಹಾಸಿ, ಹಕ್ಕಿಯನ್ನು ಇಟ್ಟು ಮುಚ್ಚಿ. ಕತ್ತಲಿದ್ದರೆ ಅದಕ್ಕೆ ಗಾಬರಿ ಕಡಿಮೆ. ಬಾಯಿಗೆ ನೀರು ಹನಿಸಬೇಡಿ, ಶ್ವಾಸಕ್ಕೆ ಹೋಗಿ ಸಾಯುತ್ತದೆ.

ಇನ್ನೊಂದು ಸಿಕ್ಕಿಕೊಂಡರೆ ದಾರ ಎಳೆಯಬೇಡಿ, ಕತ್ತರಿಸಿ. ಮೊದಲು ತಲೆಗೆ ಹಗುರವಾದ ಬಟ್ಟೆ ಹಾಕಿ. ಎದೆಯನ್ನು ಒತ್ತಿ ಹಿಡಿಯಬೇಡಿ. ಹಕ್ಕಿ ಎದೆಗೂಡು ಆಡಿಸಿಯೇ ಉಸಿರಾಡುವುದು, ಗಟ್ಟಿ ಹಿಡಿದರೆ ಕೈಯಲ್ಲೇ ಉಸಿರು ಕಟ್ಟುತ್ತದೆ. ಸಣ್ಣ ಕತ್ತರಿಯಿಂದ ಮೊದಲು ಕಾಲಿನ ದಾರ, ಆಮೇಲೆ ರೆಕ್ಕೆಯದ್ದು. ಬಿಡುವ ಮೊದಲು ರೆಕ್ಕೆ ಬಿಡಿಸಿ ನೋಡಿ. ಬುಡದಲ್ಲಿ ಒಂದು ಎಳೆ ಉಳಿದರೂ ಆಮೇಲೆ ರಕ್ತ ಕಟ್ಟಿ ಅಂಗವೇ ಹೋಗುತ್ತದೆ.

ಠಾಣೆ_ಕನ್ನಡಿಗ · ಮಾರ್ಚ್ 9

ಸುಮ್ನೆ ಪಟಾಕಿ ಹೊಡೆಯಿರಿ ಸರ್. ಇಲ್ಲಾ ಅಂದ್ರೆ ಕವಣೆ. ನಮ್ಮಜ್ಜ ಜೋಳದ ಹೊಲದಲ್ಲಿ ಅಟ್ಟಣಿಗೆ ಮೇಲೆ ನಿಂತು ಕವಣೆ ಬೀಸಿಯೇ ಹಕ್ಕಿ ಕಾಯುತ್ತಿದ್ದರು.

ಮುಳಾ_ದಂಡೆ · ಮಾರ್ಚ್ 9

ಅಜ್ಜ ಬೀಸಿದ್ದು ಹೆದರಿಸೋಕೆ ಅಲ್ವಾ, ಕೊಲ್ಲೋಕಲ್ಲ. ಕಲ್ಲು ಹಕ್ಕಿಗೆ ತಾಗಿದರೆ ಅದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಪಟಾಕಿಗೆ ಹಿಂಡು ಒಮ್ಮೆ ಎದ್ದು ಒಂದು ಸುತ್ತು ಹಾಕಿ ಅಲ್ಲೇ ಬಂದು ಕೂರುತ್ತದೆ. ಮಿಂಚುವ ರಿಬ್ಬನ್ ಕಟ್ಟಿದರೂ ಅಷ್ಟೇ, ನಾಲ್ಕು ದಿನ ಹೆದರುತ್ತವೆ, ಆಮೇಲೆ ಅದರ ಪಕ್ಕದಲ್ಲೇ ಕೂತು ತಿನ್ನುತ್ತವೆ.

ಪೊಂಡಾ_ಅಕ್ಕ · ಮಾರ್ಚ್ 10

ತಮ್ಮಾ, ಒಂದು ಪ್ರಶ್ನೆ. ಹಣ್ಣೆಲ್ಲ ಹಕ್ಕಿಯೇ ತಿಂದದ್ದು ಅಂತ ಹೇಗೆ ಗೊತ್ತಾಯಿತು? ನಮ್ಮ ಗೋವಾದಲ್ಲಿ ಚಿಕ್ಕು ಹಾಳಾದಾಗ ನಾನೂ ಹೊನ್ನಕ್ಕಿಗಳನ್ನು ಬೈಯುತ್ತಿದ್ದೆ. ಚಳಿಗಾಲದಲ್ಲಿ ಅವು ಬರುವುದೂ, ಹಣ್ಣು ಹೋಗುವುದೂ ಒಂದೇ ಸಮಯಕ್ಕೆ. ಒಂದು ರಾತ್ರಿ ಟಾರ್ಚ್ ಹಿಡಿದು ಹೋದೆ ನೋಡಿ, ಎಲ್ಲಾ ಬಾವಲಿಗಳು!

ಸಂಜೆ ಕತ್ತಲಾಗುವ ಮೊದಲು ಒಂದು ಗಿಡದ ಕೆಳಗೆ ಪೂರ್ತಿ ಗುಡಿಸಿ, ಹಳೇ ಸೀರೆ ಹಾಸಿ. ಬೆಳಕು ಹರಿಯುವ ಮೊದಲೇ ಹೋಗಿ ನೋಡಿ. ಅಗಿದು ಉಗುಳಿದ ನಾರಿನ ಉಂಡೆ ಇದ್ದರೆ ಬಾವಲಿ. ಅದು ರಸ ಹೀರಿ ಚರಟ ಉಗುಳುತ್ತದೆ, ಹಣ್ಣನ್ನು ಕಿತ್ತು ಬೇರೆ ಮರಕ್ಕೂ ಒಯ್ಯುತ್ತದೆ. ಹಕ್ಕಿ ಹಾಗಲ್ಲ. ಗಿಡದಲ್ಲೇ ತೂತು ಮಾಡಿ ಕುಕ್ಕುತ್ತದೆ, ಸಿಪ್ಪೆ ಬಟ್ಟಲಿನ ಹಾಗೆ ಜೋತಾಡುತ್ತಿರುತ್ತದೆ.

ಸಾಸವಡ_ಹಿತ್ತಲು · ಮಾರ್ಚ್ 12

ಅಕ್ಕಾ, ನೀವು ಹೇಳಿದ ಹಾಗೆ ಎರಡು ರಾತ್ರಿ ನೋಡಿದೆ. ಸೀರೆ ತುಂಬಾ ಚರಟದ ಉಂಡೆಗಳು. ನನ್ನ ಲೆಕ್ಕದಲ್ಲಿ ಹೋದ ಹಣ್ಣಿನಲ್ಲಿ ಅರ್ಧಕ್ಕಿಂತ ಜಾಸ್ತಿ ರಾತ್ರಿಯೇ ಹೋಗುತ್ತಿದೆ. ಹಗಲು ಹಿಂಡು ಕಣ್ಣಿಗೆ ಕಾಣುತ್ತದೆ, ಗಲಾಟೆ ಕೇಳುತ್ತದೆ. ಅದಕ್ಕೇ ಪೂರ್ತಿ ತಪ್ಪನ್ನು ಅವುಗಳ ಮೇಲೆ ಹಾಕಿದ್ದೆ. ತುಂಬಾ ಬೇಜಾರಾಗಿದೆ.

ಬಲೆ ಅವತ್ತೇ ತೆಗೆದೆ. ಕಾಲು ಮುರಿದ ಹಕ್ಕಿಯನ್ನು ಅರಣ್ಯದವರು ಬಂದು ಒಯ್ದರು. ಈಗ ಬಾವಲಿಗೂ ಹಕ್ಕಿಗೂ ಸೇರಿ ಏನು ಮಾಡಲಿ? ಹಣ್ಣನ್ನು ಕಾಯಿ ಇರುವಾಗಲೇ ಕಿತ್ತು ಹಣ್ಣು ಮಾಡಬಹುದಾ?

ಮುಳಾ_ದಂಡೆ · ಮಾರ್ಚ್ 12

ಆಗಲ್ಲ ಅಣ್ಣಾ. ಅಂಜೂರ ಮಾವಿನ ಹಾಗಲ್ಲ, ಕಾಯಿ ಕಿತ್ತರೆ ಸಿಹಿಯಾಗುವುದಿಲ್ಲ, ಗಿಡದಲ್ಲೇ ಹಣ್ಣಾಗಬೇಕು. ಆದರೆ ಕೊಯ್ಲಿನ ಹೊತ್ತನ್ನು ಬದಲಿಸಬಹುದು. ತೊಟ್ಟಿನ ಹತ್ತಿರ ಮೆತ್ತಗಾಗಿ ಹಣ್ಣು ಕೆಳಗೆ ಬಾಗಿತು ಅಂದರೆ ಮರುದಿನಕ್ಕೆ ಬಿಡಬೇಡಿ, ಸಂಜೆಯೇ ಕೀಳಿ. ರಾತ್ರಿ ಬಾವಲಿಗೂ ಉಳಿಯುವುದಿಲ್ಲ, ಬೆಳಿಗ್ಗೆ ಹಿಂಡಿಗೂ ಉಳಿಯುವುದಿಲ್ಲ. ಕೈಗವಸು ಹಾಕಿಕೊಳ್ಳಿ, ಹಾಲು ತಾಗಿದರೆ ತುರಿಕೆ. ಅರ್ಧ ತಿಂದ ಹಣ್ಣನ್ನು ಗಿಡದಲ್ಲಿ ಬಿಡಲೇಬೇಡಿ, ಅದರ ವಾಸನೆಗೆ ಹಣ್ಣಿನ ನೊಣ, ಕಣಜ ಎಲ್ಲ ಬರುತ್ತವೆ.

ಬಲೆ ಬೇಕೇ ಬೇಕು ಅಂದರೆ ಬಿಳಿ ಬಣ್ಣದ, ಒತ್ತಾಗಿ ನೇಯ್ದ ಬಲೆ ತನ್ನಿ. ಕೀಟದ ಬಲೆ ಅಂತ ಕೊಡುತ್ತಾರಲ್ಲ, ಆ ಥರದ್ದು. ಅಂಗಡಿಯಲ್ಲೇ ಕಿರುಬೆರಳು ತೂರಿಸಿ ನೋಡಿ. ಬೆರಳು ತೂರಿದರೆ ಆ ಬಲೆ ಬೇಡ. ಬಿಳಿ ಯಾಕೆಂದರೆ ರಾತ್ರಿ ಬಾವಲಿಗೂ ಕಾಣುತ್ತದೆ. ಗಿಡದ ಮೇಲೆ ನೇರವಾಗಿ ಹೊದಿಸಬೇಡಿ. ಬಿದಿರಿನ ಚೌಕಟ್ಟು ಕಟ್ಟಿ, ಕೈಯಿಂದ ಒತ್ತಿದರೆ ವಾಪಸ್ ಚಿಮ್ಮುವಷ್ಟು ಬಿಗಿಯಾಗಿ ಎಳೆದು ಕಟ್ಟಿ. ಅಂಚನ್ನು ನೆಲದಲ್ಲಿ ಮಣ್ಣು ಹಾಕಿ ಮುಚ್ಚಿ, ಕೆಳಗಿನಿಂದ ನುಗ್ಗಿದ ಹಕ್ಕಿಗೆ ಹೊರಗೆ ಬರುವ ದಾರಿ ಸಿಗುವುದಿಲ್ಲ. ದಿನಕ್ಕೆ ಎರಡು ಸಲ ಸುತ್ತು ಹಾಕಿ ನೋಡಿ. ಇದಿಷ್ಟು ಮಾಡುವುದಕ್ಕೆ ಆಗದಿದ್ದರೆ ಬಲೆಯೇ ಬೇಡ.

ಸಾಸವಡ_ಹಿತ್ತಲು · ಮಾರ್ಚ್ 12

ಅಷ್ಟು ಒತ್ತಾದ ಬಲೆ ಹಾಕಿದರೆ ಪರಾಗ ತರುವ ಅಂಜೂರದ ಕಣಜ ಒಳಗೆ ಹೋಗಲ್ಲ ಅಲ್ವಾ? ಕಾಯಿ ಕಚ್ಚುತ್ತಾ?

ಮುಳಾ_ದಂಡೆ · ಮಾರ್ಚ್ 12

ಕಚ್ಚುತ್ತದೆ. ನಮ್ಮ ಕಡೆಯ ಪೂನಾ ಅಂಜೂರಕ್ಕೆ ಕಣಜ ಬೇಕಾಗಿಲ್ಲ, ಪರಾಗ ಇಲ್ಲದೆಯೇ ಹಣ್ಣಾಗುವ ಜಾತಿ ಅದು. ಆಲ, ಅರಳಿ, ಅತ್ತಿಗೆ ಕಣಜ ಬೇಕೇ ಬೇಕು.

ಆಲದ ಮಾತು ಬಂತಲ್ಲ, ನಿಮ್ಮ ಬದುವಿನಲ್ಲಿ ಆಲ, ಅರಳಿ ಇದ್ದರೆ ದಯವಿಟ್ಟು ಕಡಿಯಬೇಡಿ. ಆಲ ಹಣ್ಣಾದ ದಿನ ಈ ಹಕ್ಕಿಗಳು ತೋಟದ ಕಡೆ ತಿರುಗಿಯೂ ನೋಡುವುದಿಲ್ಲ. ಫೆಬ್ರವರಿ, ಮಾರ್ಚ್‌ನಲ್ಲಿ ಬೂರುಗ, ಮುತ್ತುಗದ ಹೂವಿನ ಮಕರಂದಕ್ಕೂ ಮುಗಿಬೀಳುತ್ತವೆ. ಮರಾಠಿಯಲ್ಲಿ ಪಳಸಮೈನಾ ಅನ್ನುವುದು ಅದಕ್ಕೇ. ಪಳಸ ಅಂದರೆ ಮುತ್ತುಗ.

ಪೊಂಡಾ_ಅಕ್ಕ · ಮಾರ್ಚ್ 13

ಅಂಗಳದಲ್ಲಿ ಒಂದು ಗಸಗಸೆ ಹಣ್ಣಿನ ಮರ ನೆಡು ತಮ್ಮಾ. ಬೇಗ ಬೆಳೆಯುತ್ತದೆ, ವರ್ಷದಲ್ಲಿ ಹೆಚ್ಚು ದಿನ ಹಣ್ಣು ಬಿಡುತ್ತಲೇ ಇರುತ್ತದೆ. ನಮ್ಮ ಮರದಲ್ಲಿ ಬೆಳಗಾದರೆ ಪಿಕಳಾರಗಳ ಜಾತ್ರೆ. ಮಗಳಿಗೂ ಖುಷಿಯಾಗುತ್ತದೆ.

ಠಾಣೆ_ಕನ್ನಡಿಗ · ಮಾರ್ಚ್ 13

ಪಟಾಕಿ ಅಂದದ್ದಕ್ಕೆ ಕ್ಷಮಿಸಿ. ನನಗೆ ಈ ಹಕ್ಕಿಯ ಬಗ್ಗೆ ಏನೂ ಗೊತ್ತಿರಲಿಲ್ಲ. ಇವು ಎಲ್ಲಿಂದ ಬರುತ್ತವೆ?

ಮುಳಾ_ದಂಡೆ · ಮಾರ್ಚ್ 13

ಮಧ್ಯ ಏಷ್ಯಾದ ಹುಲ್ಲುಗಾವಲುಗಳಿಂದ. ಕೆಲವು ಪೂರ್ವ ಯುರೋಪಿನ ಅಂಚಿನಿಂದ. ಮೇ, ಜೂನ್‌ನಲ್ಲಿ ಅಲ್ಲಿ ಕಲ್ಲುಸಂದಿಗಳಲ್ಲಿ ಗುಂಪಾಗಿ ಗೂಡು ಕಟ್ಟಿ ಮರಿ ಮಾಡುತ್ತವೆ. ಆಗ ಅವುಗಳ ಮುಖ್ಯ ಊಟ ಮಿಡತೆ. ಚೀನಾದ ಶಿನ್‌ಜಿಯಾಂಗ್‌ನಲ್ಲಿ 1980ರ ದಶಕದಿಂದ ಈ ಹಕ್ಕಿಗಳಿಗಾಗಿಯೇ ಕಲ್ಲು ಪೇರಿಸಿ ಗೂಡಿನ ಜಾಗ ಮಾಡಿಕೊಡುತ್ತಾರೆ, ಮಿಡತೆ ಹಾವಳಿ ತಡೆಯೋಕೆ. ಮಳೆಗಾಲ ಮುಗಿಯುವ ಮೊದಲೇ ನಮ್ಮಲ್ಲಿಗೆ ಬರಲು ಶುರು ಮಾಡಿ, ಏಪ್ರಿಲ್ ಹೊತ್ತಿಗೆ ಹೊರಡುತ್ತವೆ. ಚಳಿಗಾಲದ ಸಂಜೆ ಪುಣೆ ಜಿಲ್ಲೆಯದ್ದೇ ಆದ ಭಿಗವಣ ಕಡೆ ಹೋಗಿ ನೋಡಿ. ಸಾವಿರಗಟ್ಟಲೆ ಹಕ್ಕಿ ಒಂದೇ ಚಾದರ ಒದರಿದ ಹಾಗೆ ಆಕಾಶದಲ್ಲಿ ತಿರುಗುತ್ತವೆ. ನಾನು ಪ್ರತಿ ವರ್ಷ ಹೋಗುತ್ತೇನೆ, ಒಮ್ಮೆಯೂ ಸಾಕು ಅನ್ನಿಸಿಲ್ಲ.

ಸಾಸವಡ ಅಣ್ಣಾ, ಸತ್ತ ಹಕ್ಕಿಗಳ ಕಾಲಲ್ಲಿ ಸಂಶೋಧಕರು ತೊಡಿಸುವ ಲೋಹದ ಉಂಗುರ ಇತ್ತಾ? ಇದ್ದರೆ ಅದರ ಮೇಲಿನ ನಂಬರ್ ಬರೆದಿಟ್ಟು, ಮುಂಬೈನ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ತಿಳಿಸಿ. ಹಕ್ಕಿ ಎಲ್ಲಿಂದ ಎಲ್ಲಿಗೆ ಹೋಯಿತು ಅಂತ ತಿಳಿಯುವುದು ಹಾಗೆಯೇ.

ಸಾಸವಡ_ಹಿತ್ತಲು · ಏಪ್ರಿಲ್ 14

ತಡವಾಗಿ ಬರೆಯುತ್ತಿದ್ದೇನೆ. ಉಂಗುರ ಇರಲಿಲ್ಲ.

ನಲವತ್ತರಲ್ಲಿ ಹದಿನೆಂಟು ಗಿಡಗಳಿಗೆ ಮಾತ್ರ ಬಿಳಿ ಬಲೆ ಕಟ್ಟಿದೆ. ಬಿದಿರು, ಬಲೆ, ಕೂಲಿ ಎಲ್ಲ ಸೇರಿ ಖರ್ಚು ಜಾಸ್ತಿಯಾಯಿತು, ಉಳಿದದ್ದಕ್ಕೆ ಕೈಯಲ್ಲಿ ದುಡ್ಡಿರಲಿಲ್ಲ. ಬಲೆ ಇಲ್ಲದ ಗಿಡಗಳಲ್ಲಿ ಸಂಜೆ ಕೊಯ್ಲು ಮಾಡಿದೆವು. ಅಲ್ಲಿಯೂ ನಷ್ಟ ಚೆನ್ನಾಗಿಯೇ ಇಳಿಯಿತು. ಬದುವಿನ ಕಡೆಯ ಮೂರು ಗಿಡಗಳನ್ನು ಮಗಳು ಹಕ್ಕಿಗೆ ಬಿಡೋಣ ಅಂದಳು, ಬಿಟ್ಟೆವು. ಆಮೇಲೆ ಒಂದು ಹಕ್ಕಿಯೂ ಸಿಕ್ಕಿಕೊಂಡಿಲ್ಲ, ಒಂದು ಬಾವಲಿಯೂ ಇಲ್ಲ. ಕಳೆದ ಶನಿವಾರದಿಂದ ಹಿಂಡು ಕಾಣುತ್ತಿಲ್ಲ, ಹೊರಟಿರಬೇಕು. ಮಗಳು ದಿನಾ ಬೆಳಿಗ್ಗೆ ಬಂದವಾ ಅಂತ ಕೇಳುತ್ತಾಳೆ.

ಇನ್ನು ಸ್ವಲ್ಪ ಹಣ್ಣಿದೆ. ಅದು ಮುಗಿದ ಮೇಲೆ ಬಲೆಯನ್ನು ಮುಂದಿನ ವರ್ಷಕ್ಕೆ ಹಾಗೇ ಬಿಡಬಹುದಾ?

ಮುಳಾ_ದಂಡೆ · ಏಪ್ರಿಲ್ 14

ಬಿಡಬೇಡಿ ಅಣ್ಣಾ. ಬಿಸಿಲಿಗೆ ದಾರ ಹರಿದು ಸಡಿಲವಾಗುತ್ತದೆ, ನೆಲಕ್ಕೆ ಬಿದ್ದರೆ ಮಳೆಗಾಲದಲ್ಲಿ ಕೇರೆಹಾವು ಸಿಕ್ಕಿಕೊಳ್ಳುತ್ತದೆ. ತೊಳೆದು ಒಣಗಿಸಿ, ಸುತ್ತಿ ಮನೆಯೊಳಗೆ ಇಡಿ. ತೆಗೆದಿಟ್ಟ ಹಳೇ ನೈಲಾನ್ ಬಲೆಯನ್ನೂ ತುಂಡು ತುಂಡು ಮಾಡಿ ಚೀಲಕ್ಕೆ ಹಾಕಿ ಕಟ್ಟಿಬಿಡಿ. ಹೊರಗೆ ಎಸೆದರೆ ಇನ್ನೆಲ್ಲೋ ಇನ್ನೊಂದು ಹಕ್ಕಿಗೆ ಸುತ್ತಿಕೊಳ್ಳುತ್ತದೆ.

ಸಾಸವಡ_ಹಿತ್ತಲು · ಏಪ್ರಿಲ್ 14

ಹಳೇ ಬಲೆ ಈಗಷ್ಟೇ ಕತ್ತರಿಸಿ ಚೀಲಕ್ಕೆ ಹಾಕಿದೆ. ಜೂನ್‌ನಲ್ಲಿ ಮೊದಲ ಮಳೆ ಬಿದ್ದ ಮೇಲೆ ಗಸಗಸೆ ಹಣ್ಣಿನ ಸಸಿ ನೆಡುತ್ತೇವೆ ಅಕ್ಕಾ. ಗುಂಡಿ ಎಲ್ಲಿ ತೋಡಬೇಕು ಅಂತ ಮಗಳು ಆಗಲೇ ಸುಣ್ಣದ ಗುರುತು ಹಾಕಿದ್ದಾಳೆ.