ಅಪ್‌ಡೇಟ್: ಕಾಲ್ ಸೆಂಟರ್ ಕೊನೆಗೂ ಟಿಹುವಾನಾದಲ್ಲಿ

ಸ್ಯಾನ್ ಡಿಯೆಗೋದ ನಮ್ಮ ಕಂಪನಿಯ ಇಂಗ್ಲಿಷ್-ಸ್ಪ್ಯಾನಿಷ್ ಕಾಲ್ ಸೆಂಟರ್ ಕೆಲಸವನ್ನು ಕೊಲಂಬಿಯಾದ ಬೊಗೋಟಾಗೆ ಕೊಡೋದಾ, ಮೆಕ್ಸಿಕೋಗಾ ಅಂತ ಕೇಳಿದ್ದೆ. ಮೆಕ್ಸಿಕೋದ ಟಿಹುವಾನಾ ಆಯ್ತು.

ಬೊಗೋಟಾದಲ್ಲೂ ಒಳ್ಳೆ ಜನ ಸಿಗುತ್ತಾರೆ. ಆದರೆ ಅಲ್ಲಿ ವರ್ಷವಿಡೀ ಗಡಿಯಾರ ಬದಲಾಗಲ್ಲ, ನಮ್ಮಲ್ಲಿ ಬೇಸಿಗೆಗೆ ಒಂದು ಗಂಟೆ ಮುಂದಿಟ್ಟು ಚಳಿಗಾಲಕ್ಕೆ ಹಿಂದಿಡ್ತಾರೆ, ಹಾಗಾಗಿ ಬೇಸಿಗೆಯಲ್ಲಿ 2 ಗಂಟೆ ಇರುವ ಅಂತರ ಚಳಿಗಾಲಕ್ಕೆ 3 ಆಗಿ ಶಿಫ್ಟ್ ಎಲ್ಲ ಏರುಪೇರು. ಮೆಕ್ಸಿಕೋ 2022ರಲ್ಲಿ ಈ ಪದ್ಧತಿ ಕೈಬಿಟ್ಟರೂ ಗಡಿಯಲ್ಲಿರುವ ಟಿಹುವಾನಾ ಮಾತ್ರ ಕ್ಯಾಲಿಫೋರ್ನಿಯಾದ ಸಮಯವನ್ನೇ ಪಾಲಿಸುತ್ತೆ.

ನನಗೆ ಧೈರ್ಯ ಬಂದಿದ್ದು ಟ್ರಯಲ್ ಕಾಲ್ ಕೇಳಿದ ಮೇಲೆ. ಇಂಗ್ಲಿಷ್‌ನಲ್ಲಿ ಮಾತಾಡ್ತಿದ್ದ ಗಿರಾಕಿ ಬಿಲ್ ವಿಷಯ ಬಂದ ಕೂಡಲೇ ಸಿಟ್ಟಿನಲ್ಲಿ ಸ್ಪ್ಯಾನಿಷ್‌ಗೆ ಹೊರಳಿದರು, ಕಾಲ್ ತೆಗೆದುಕೊಂಡಿದ್ದ ಟಿಹುವಾನಾದ ಹುಡುಗಿ ಚೂರೂ ತಡವರಿಸದೆ ಜೊತೆಗೇ ಹೊರಳಿದಳು. ಬೆಳೆದದ್ದು ಲಾಸ್ ಏಂಜಲೀಸ್‌ನಲ್ಲಂತೆ. ಅಮೆರಿಕದಲ್ಲಿ ಬೆಳೆದು ವಾಪಸ್ ಬಂದವರು ಟಿಹುವಾನಾದಲ್ಲಿ ಬಹಳ ಜನ ಇದ್ದಾರೆ, ಅಂಥವರಿಗೆ ಸಂಬಳ ಸ್ವಲ್ಪ ಜಾಸ್ತಿ ಕೊಟ್ಟರೂ ನ್ಯಾಯವೇ ಅಲ್ವಾ? ಮುಂದಿನ ತಿಂಗಳು ಶುರು.