ಗಂಜ್‌ನಲ್ಲಿ ಕೊರಿಯಾದ ಕೋಣ

ಕಲಬುರಗಿಯ ಗಂಜ್ ಎಂಬ ಧಾನ್ಯದ ಮಾರುಕಟ್ಟೆಯಲ್ಲಿ ತೊಗರಿಯ ಲಿಲಾವು ಮುಗಿದು, ಹಮಾಲರು ಚೀಲಗಳ ಮೇಲೆಯೇ ಮೈಚಾಚುವ ಹೊತ್ತಿಗೆ ಅಡತಿ ಕಾಕಾ ಅವರ ಅಂಗಡಿಯ ಗಾದಿಯ ಮೇಲೆ ನಾವು ನಾಲ್ವರು ಸೇರುವುದು ಬಹುಕಾಲದ ರೂಢಿ. ಕಾಕಾ, ಕಾಲೇಜಿನಲ್ಲಿ ಕಾಮರ್ಸ್ ಕಲಿಸುವ ಸರ್, ಸೇಡಂ ರಸ್ತೆಯಲ್ಲಿ ಗ್ಯಾರೇಜು ನಡೆಸುವ ಮಿಸ್ತ್ರಿ ಭಾಯಿ, ಬ್ಯಾಂಕಿನಿಂದ ನಿವೃತ್ತನಾದ ನಾನು. ಅಲ್ಲಿ ನಡೆದ ಮಾತನ್ನು ಆಡಿದ ಹಾಗೆಯೇ ಬರೆದರೆ ತುಂಗಭದ್ರೆಯ ಆಚೆಯವರು ನಿಘಂಟು ತೆರೆಯಬೇಕಾದೀತೆಂದು ಪುಸ್ತಕದ ಕನ್ನಡಕ್ಕೆ ಇಳಿಸಿದ್ದೇನೆ.

ಕಾಕಾ ಮೂರು ದೀಪಾವಳಿಗಳಿಂದ ಕಾರು ಕೊಳ್ಳುವ ವಿಚಾರದಲ್ಲಿದ್ದಾರೆ. ವಿಚಾರ ಇನ್ನೂ ವಿಚಾರವಾಗಿಯೇ ಉಳಿದಿದೆ. ಸರ್ ಅಂದು ಹುಂಡೈ ಕಂಪನಿ ಜಗತ್ತಿನ ಮಾರುಕಟ್ಟೆಯಲ್ಲಿ ಬೆಳೆದ ಬಗೆಯನ್ನು ಪಾಠ ಮಾಡಿ ಬಂದಿದ್ದರು. ಪಾಠದ ಬಿಸಿ ಇನ್ನೂ ಆರಿರಲಿಲ್ಲ.

"ಕಾಕಾ, ಆ ಕಂಪನಿಯನ್ನು 1967ರಲ್ಲಿ ಕಟ್ಟಿದ ಚುಂಗ್ ಜು ಯುಂಗ್ ಮೊದಲು ಸಿಯೋಲ್ ನಗರದ ಅಕ್ಕಿ ಅಂಗಡಿಯೊಂದರಲ್ಲಿ ಆಳಾಗಿದ್ದು, ಚೀಲಗಳನ್ನು ಗಿರಾಕಿಗಳಿಗೆ ಮುಟ್ಟಿಸುತ್ತಿದ್ದವನು, ಆಮೇಲೆ ಆ ಅಂಗಡಿಗೇ ಮಾಲೀಕನಾದ" ಎಂದರು ಸರ್.

ಕಾಕಾ ಲೋಡಿಗೆ ಒರಗಿದ್ದವರು ನೆಟ್ಟಗೆ ಕುಳಿತರು. "ಅಂದರೆ ಹುಂಡಿ ಕಂಪನಿಯವನು ನಮ್ಮವನೇ."

"ಹುಂಡಿ ಅಲ್ಲ ಕಾಕಾ, ಹುಂಡೈ. ಜಪಾನಿನ ಆಳ್ವಿಕೆಯಲ್ಲಿ ಅಕ್ಕಿಗೆ ರೇಷನ್ ಬಂದು ಅಂಗಡಿ ಮುಚ್ಚಿತು. ಆಗ ಮೋಟಾರು ರಿಪೇರಿಯ ಗ್ಯಾರೇಜು ಹಾಕಿದ."

"ಹಾಗಾದರೆ ನಮ್ಮವನು" ಎಂದರು ಮಿಸ್ತ್ರಿ ಭಾಯಿ. ಗ್ಯಾರೇಜು ಬೆಂಕಿಗೆ ಸುಟ್ಟುಹೋದಾಗ ಮತ್ತೆ ಸಾಲ ಎತ್ತಿ ಕಟ್ಟಿದನೆಂದು ಸರ್ ಸೇರಿಸಿದ ಮೇಲೆ, ಸಾಲ ಎಂಬ ಶಬ್ದದ ಮೇಲಿನ ಹಕ್ಕಿನಿಂದ ನಾನೂ ಒಂದು ಪಾಲು ಕೇಳಿದೆ. ಸತ್ತವನನ್ನು ಹೀಗೆ ಹರಿದು ಹಂಚಿಕೊಳ್ಳುವುದರಲ್ಲಿಯೇ ಒಗ್ಗರಣೆ ಮಿರ್ಚಿಯ ಮೊದಲ ತಟ್ಟೆ ಖಾಲಿಯಾಯಿತು.

ನಿಜವಾಗಿ ಕಾಕಾ ಅವರನ್ನು ಹಿಡಿದು ನಿಲ್ಲಿಸಿದ್ದು ಹಸುವಿನ ಕತೆ. ಇಂದಿನ ಉತ್ತರ ಕೊರಿಯಾದಲ್ಲಿರುವ ತನ್ನ ಹಳ್ಳಿಯಿಂದ ಹುಡುಗನಾಗಿದ್ದಾಗ ಚುಂಗ್ ಓಡಿಬಂದದ್ದು ಅಪ್ಪನು ಹಸು ಮಾರಿದ ಹಣವನ್ನು ಕದ್ದುಕೊಂಡು. ಆ ಋಣ ತೀರಿಸಲು 1998ರಲ್ಲಿ ಎರಡು ಸಲ ಗಡಿ ದಾಟಿ ಒಟ್ಟು 1001 ದನಗಳನ್ನು ಉತ್ತರ ಕೊರಿಯಾಕ್ಕೆ ಕೊಟ್ಟು ಬಂದ. ನಾನು ಹಳೆಯ ಚಟದಿಂದ ಅಂಗಡಿಯ ಕ್ಯಾಲ್ಕುಲೇಟರ್ ಎಳೆದುಕೊಂಡು, ಸುಮಾರು 65 ವರ್ಷಕ್ಕೆ ಒಂದು ಹಸು ಸಾವಿರದೊಂದಾಗಬೇಕಾದರೆ ಚಕ್ರಬಡ್ಡಿಯ ದರ ಶೇಕಡಾ 11ರ ಆಸುಪಾಸು ಬೀಳುತ್ತದೆ ಎಂದು ವರದಿ ಒಪ್ಪಿಸಿದೆ. ಕಾಕಾ ಮುಖ ಸಿಂಡರಿಸಿದರು. "ತಿಂಗಳಿಗೆ ನೂರಕ್ಕೆ ಎರಡು ರೂಪಾಯಿ ನಮ್ಮ ಗಂಜ್‌ನ ವಾಡಿಕೆ. ಅಪ್ಪ ಮೋಸ ಹೋದ."

ಸರ್ ಸೋಲಲಿಲ್ಲ. ಅದೇ 1998ರಲ್ಲಿ ಆ ಕಂಪನಿ ಮಾಡಿದ ಉಳಿದ ಕೆಲಸಗಳನ್ನು ನೋಡಬೇಕು ಎಂದರು. ಹಿಂದಿನ ವರ್ಷವಷ್ಟೇ ಏಷ್ಯಾದ ಹಣಕಾಸು ಬಿಕ್ಕಟ್ಟು ಕೊರಿಯಾದ ಸೊಂಟ ಮುರಿದಿತ್ತು. ಉಳಿದವರು ಬಾಗಿಲು ಮುಚ್ಚುತ್ತಿದ್ದಾಗ ಇವರು ದಿವಾಳಿಯೆದ್ದ ಕಿಯಾ ಕಂಪನಿಯನ್ನು ಹರಾಜಿನಲ್ಲಿ ಹಿಡಿದರು, ಚೆನ್ನೈ ಬಳಿಯ ಕಾರ್ಖಾನೆಯಿಂದ ಸ್ಯಾಂಟ್ರೊ ಇಳಿಸಿದರು, ಅಮೆರಿಕದಲ್ಲಿ ಎಂಜಿನ್ನಿಗೂ ಗೇರ್ ಬಾಕ್ಸಿಗೂ ಹತ್ತು ವರ್ಷ ಅಥವಾ ಒಂದು ಲಕ್ಷ ಮೈಲಿಯ ವಾರಂಟಿ ಘೋಷಿಸಿದರು.

"ಹತ್ತು ವರ್ಷ!" ಮಿಸ್ತ್ರಿ ಭಾಯಿ ಚಹಾದ ಕಪ್ಪನ್ನು ಕೆಳಗಿಟ್ಟರು. "ಇದು ಮಾರಾಟದ ತಂತ್ರವಲ್ಲ ಸರ್, ನಮ್ಮಂಥವರ ಹೊಟ್ಟೆಯ ಮೇಲೆ ಹೊಡೆಯುವ ಸಂಚು."

ಅದಕ್ಕೆ ಕಾರಣವಿತ್ತು ಎಂದು ಸರ್ ವಿವರಿಸಿದರು. 1986ರಲ್ಲಿ ಎಕ್ಸೆಲ್ ಎಂಬ ಕಾರನ್ನು 4,995 ಡಾಲರಿಗೆ ಅಮೆರಿಕದ ಮುಂದಿಟ್ಟಾಗ ಮೊದಲ ವರ್ಷವೇ 1,68,882 ಗಾಡಿಗಳು ಹೋದವು. ಆದರೆ ಅಗ್ಗಕ್ಕೆ ಕೊಂಡವರು ರಿಪೇರಿಗೆ ಅಲೆದಾಡಿ, ಕಂಪನಿಯ ಹೆಸರು ಟೀವಿಯ ಹಾಸ್ಯಗಾರರ ಬಾಯಿಗೆ ಬಿದ್ದಿತು. ಹೀಗೆ ಕೆಟ್ಟ ಹೆಸರನ್ನು ಜಾಹೀರಾತಿನಿಂದ ತೊಳೆಯಲಾಗದೆಂದು ತಿಳಿದು, ಗಿರಾಕಿಯ ಅಳುಕನ್ನೇ ತಮ್ಮ ಖಾತೆಗೆ ಹಾಕಿಕೊಂಡರು.

"ಅದು ನನಗೆ ಗೊತ್ತು" ಎಂದರು ಕಾಕಾ. "ಒಂದು ಸಲ ಹುಳುಕು ಬೇಳೆ ಹೋದ ಊರಿಗೆ ಮತ್ತೆ ಮಾಲು ಕಳಿಸಬೇಕಾದರೆ, ಚೀಲ ಬಿಚ್ಚಿ ಬೇಯಿಸಿ ನೋಡಿ, ಆಮೇಲೆ ರೊಕ್ಕ ಕೊಡಿ ಎನ್ನಬೇಕಾಗುತ್ತದೆ. ಆದರೆ ಹಾಗೆಂದ ದಿನದಿಂದ ಹುಳುಕು ಬೇಳೆ ತುಂಬುವ ಧೈರ್ಯ ಹಮಾಲನಿಗೂ ಇರುವುದಿಲ್ಲ."

ವಾರಂಟಿಯ ಗುಟ್ಟನ್ನು ಇದಕ್ಕಿಂತ ಚೊಕ್ಕಟವಾಗಿ ಯಾವ ಪಠ್ಯಪುಸ್ತಕವೂ ಹೇಳಿರಲಾರದು. ಮಾತು ಕೊಟ್ಟದ್ದು ಅಮೆರಿಕದ ಗಿರಾಕಿಗೆ, ಅದಕ್ಕೆ ಬೆವತವರು ಕೊರಿಯಾದ ಕಾರ್ಖಾನೆಯವರು. ಸರ್ ಮಾತ್ರ ಸದ್ದಿಲ್ಲದೆ ಕಿಸೆಯಿಂದ ಚೀಟಿ ತೆಗೆದು ಬರೆದುಕೊಂಡರು; ನಾಳೆಯ ಪಾಠದಲ್ಲಿ ಕಾಕಾ ಅವರ ಹೆಸರು ಬಂದೀತೆಂಬ ಭರವಸೆ ನನಗಿಲ್ಲ.

2009ರ ಆರಂಭದಲ್ಲಿ, ಅಮೆರಿಕದಲ್ಲಿ ಲಕ್ಷಗಟ್ಟಲೆ ಜನ ನೌಕರಿ ಕಳೆದುಕೊಳ್ಳುತ್ತಿದ್ದಾಗ, ಇದೇ ಕಂಪನಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಕಾರು ಕೊಂಡ ಒಂದು ವರ್ಷದೊಳಗೆ ನೌಕರಿ ಹೋದರೆ ಗಾಡಿಯನ್ನು ವಾಪಸು ಕೊಡಬಹುದು ಎಂದಿತು. ವಾಪಸು ತಂದವರು ಕೈಬೆರಳಿನಲ್ಲಿ ಎಣಿಸುವಷ್ಟಲ್ಲದಿದ್ದರೂ ಬಹಳ ಕಡಿಮೆ. ಇಡೀ ಮಾರುಕಟ್ಟೆ ಕುಸಿದ ಆ ವರ್ಷ ಇವರ ಮಾರಾಟ ಮಾತ್ರ ಏರಿತು. ಇದನ್ನು ಕೇಳಿದ ಮಿಸ್ತ್ರಿ ಭಾಯಿ, ಅದೇ ಮಾದರಿಯಲ್ಲಿ ತಮ್ಮ ಕೈಯಲ್ಲಿ ಉಳಿದ ಅರ್ಧ ಮಿರ್ಚಿಯನ್ನು ವಾಪಸು ಪಡೆಯುವಿರಾ ಎಂದು ಚಹಾದ ಹುಡುಗನನ್ನು ವಿಚಾರಿಸಿದರು. ಅವನು ನೌಕರಿ ಹೋಗಿದೆಯೇ ಎಂದು ಕೇಳಿದ.

ಭಾರತದಲ್ಲಿ ಹೆಸರೇ ಗೊತ್ತಿಲ್ಲದ ಕಂಪನಿಗೆ ಶಾರುಖ್ ಖಾನ್ ಮುಖವಾದರು. ಸರ್ ಅವರಿಗೆ ಮೆಚ್ಚುಗೆಯಾದದ್ದು, ಆ ಜಾಹೀರಾತುಗಳಲ್ಲಿ ಶಾರುಖ್ ಮೊದಲಿಗೆ ಒಪ್ಪದೆ, ನಿಮ್ಮ ಕಾರನ್ನು ನಾನೇಕೆ ಹೊಗಳಬೇಕು ಎಂದು ಕಂಪನಿಯವರನ್ನೇ ಪ್ರಶ್ನಿಸುತ್ತಿದ್ದ ರೀತಿ. ಜನರ ಮನಸ್ಸಿನ ಅನುಮಾನವನ್ನು ನಟನ ಬಾಯಿಂದಲೇ ಆಡಿಸಿದ ಜಾಣತನ. ಕಾಕಾ ಅವರಿಗೆ ಮೆಚ್ಚುಗೆಯಾದದ್ದು ಸ್ಯಾಂಟ್ರೊದ ಎತ್ತರದ ಛಾವಣಿ, ಏಕೆಂದರೆ ಅದರಲ್ಲಿ ರುಮಾಲು ತೆಗೆಯದೆ ಕೂರಬಹುದಿತ್ತು.

ಹೆಸರಿನ ಮಾತು ಬಂದಾಗ ಗಾದಿಯೇ ಅಲುಗಿತು. ಹವಾಯಿ ದ್ವೀಪದ ಒಂದು ಪ್ರದೇಶದ ಹೆಸರನ್ನು ಕಾರಿಗಿಟ್ಟು ಕೋನಾ ಎಂದು ಕರೆದರಷ್ಟೆ. ಪೋರ್ಚುಗೀಸ್ ಭಾಷೆಯಲ್ಲಿ ಅದು ಹೆಂಗಸರ ಮುಂದೆ ಆಡಲಾಗದ ಮಾತಿನಂತೆ ಕೇಳುವುದರಿಂದ ಪೋರ್ಚುಗಲ್‌ನಲ್ಲಿ ಅದೇ ಗಾಡಿಯನ್ನು ಕವಾಯಿ ಎಂದು ಮಾರುತ್ತಾರೆ. 2019ರಲ್ಲಿ ಅದರ ವಿದ್ಯುತ್ ಮಾದರಿ ನಮ್ಮಲ್ಲಿಗೆ ಬಂದಾಗ ಮಾತ್ರ ಹೆಸರು ಬದಲಾಗಲಿಲ್ಲ.

"ಕೋಣ ಎಂದೇ ಮಾರಿದರೆ?" ಕಾಕಾ ಕೇಳಿದರು.

"ಕೋಣ ಅಲ್ಲ ಕಾಕಾ, ಕೋನಾ."

"ಕಲಬುರಗಿಯಲ್ಲಿ ಯಾರು ಅಷ್ಟು ಬಿಡಿಸಿ ಹೇಳುತ್ತಾರೆ? ಯಮನ ವಾಹನಕ್ಕೆ ಕರೆಂಟು ತುಂಬಿ, ಎಪ್ಪತ್ತು ದಾಟಿದ ನನ್ನ ಮನೆಯ ಮುಂದೆ ನಿಲ್ಲಿಸಿದರೆ ನಿಮ್ಮ ಕಾಕಿ ಒಳಗೆ ಬಿಟ್ಟುಕೊಳ್ಳುತ್ತಾಳೆಯೇ?"

ಬೆಳೆದವರು ಬಿದ್ದ ಕಡೆಗಳನ್ನೂ ಸರ್ ಮುಚ್ಚಿಡಲಿಲ್ಲ. ದಕ್ಷಿಣ ಕೊರಿಯಾವು ಅಮೆರಿಕದ ಕ್ಷಿಪಣಿ ತಡೆ ವ್ಯವಸ್ಥೆಗೆ ಜಾಗ ಕೊಟ್ಟಿತೆಂದು ಚೀನಾ ಮುನಿಸಿಕೊಂಡು, 2017ರಲ್ಲಿ ಅಲ್ಲಿನ ಮಾರಾಟ ನೆಲಕಚ್ಚಿತು. ರಷ್ಯಾದ ಕಾರ್ಖಾನೆಯನ್ನಂತೂ ಉಕ್ರೇನ್ ಯುದ್ಧ ಶುರುವಾದ ನಂತರ 10,000 ರೂಬಲ್‌ಗೆ ಮಾರಿದರು, ಎರಡು ವರ್ಷದೊಳಗೆ ಮರಳಿ ಕೊಳ್ಳುವ ಹಕ್ಕನ್ನು ಇಟ್ಟುಕೊಂಡು. ನಮ್ಮ ಲೆಕ್ಕದಲ್ಲಿ ಅದು ಒಂದೆರಡು ಕ್ವಿಂಟಲ್ ತೊಗರಿಯ ದುಡ್ಡು ಎಂದು ನಾನು ಹೇಳಿದಾಗ, ಕಾಕಾ ಅವರ ಮುಖದಲ್ಲಿ ಕಾರು ಬಿಟ್ಟು ಕಾರ್ಖಾನೆ ಕೊಳ್ಳುವ ವಿಚಾರ ಕ್ಷಣಕಾಲ ಸುಳಿದದ್ದನ್ನು ನಾನು ಕಣ್ಣಾರೆ ಕಂಡೆ. ಆಮೇಲೆ 2024ರ ಅಕ್ಟೋಬರ್‌ನಲ್ಲಿ ಭಾರತದ ಘಟಕದ ಷೇರು ಮಾರಿ 27,870 ಕೋಟಿ ರೂಪಾಯಿ ಎತ್ತಿದರು ಮತ್ತು ಅಷ್ಟೂ ಕೊರಿಯಾದ ಮಾತೃಸಂಸ್ಥೆಯ ಪಾಲಾಯಿತು ಎಂಬುದನ್ನು ಕೇಳಿ, ಕಾಕಾ ಸರ್ ಅವರ ಕಡೆ ತಿರುಗಿದರು. "ನಾನು ಮೊದಲೇ ಹುಂಡಿ ಎಂದಿದ್ದೆ. ನೀವು ತಿದ್ದಿದಿರಿ."

ಮರುದಿನ ಕಾಕಾ ನನ್ನನ್ನು ಜೊತೆಗೆ ಕರೆದುಕೊಂಡು ಕಾರಿನ ಅಂಗಡಿಗೆ ಹೋದರು. ರುಮಾಲು ಸಮೇತ ಮೂರು ಗಾಡಿಗಳಲ್ಲಿ ಕುಳಿತು ಎದ್ದರು, ಡಿಕ್ಕಿಯಲ್ಲಿ ಎಷ್ಟು ಚೀಲ ಹಿಡಿಯುತ್ತದೆಂದು ಗೇಣಿನಿಂದ ಅಳೆದರು, ಕಡೆಗೆ ಟೈ ಕಟ್ಟಿದ ಹುಡುಗನನ್ನು ಹತ್ತಿರ ಕರೆದು, ನಿಮ್ಮ ಮೂಲಪುರುಷರು ಒಂದು ಹಸುವಿಗೆ ಸಾವಿರದೊಂದು ಕೊಟ್ಟಿದ್ದಾರೆ, ನನ್ನ ಕೊಟ್ಟಿಗೆಯಲ್ಲಿ ಎರಡಿವೆ, ಏನು ಬಿಡುತ್ತೀರಿ ಎಂದು ಕೇಳಿದರು. ಹುಡುಗ ಒಳಗೆ ಹೋಗಿ ಮ್ಯಾನೇಜರನ್ನು ವಿಚಾರಿಸಿ ಬಂದು, ಬಹಳ ವಿನಯದಿಂದ, "ಕಾಕಾ, ಎಕ್ಸ್‌ಚೇಂಜ್ ಆಫರ್ ಹಳೆಯ ಗಾಡಿಗೆ ಮಾತ್ರ ಇದೆಯಂತೆ" ಎಂದ.